ಚಿತ್ರಕ್ಕೊಂದು ಚಿಪ್, ನಾದಕ್ಕೊಂದು ಚಿಪ್

ಗಣಕಯಂತ್ರದ ತೆರೆಯ ಮೇಲೆ ಚಿತ್ರಗಳು ಓಡುವುದನ್ನೂ ಅದರಿಂದ ಸಂಗೀತ ಹೊಮ್ಮುವುದನ್ನೂ ನಾವು ದಿನವೂ ಕಾಣುತ್ತೇವೆ. ಬಹಳ ನಿಧಾನವಾಗಿದ್ದ ಹಳೆಯ ಮನೆಬಳಕೆಯ ಗಣಕಯಂತ್ರಗಳು ಈ ಕೆಲಸವನ್ನು ಹೇಗೆ ಮಾಡುತ್ತಿದ್ದವು? 1982ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಕೊಮೊಡೋರ್ 64’ ಎಂಬ ಯಂತ್ರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮೊದಲು ಒಂದು ಸಣ್ಣ ಲೆಕ್ಕ. ಇದರ ಚಿತ್ರದಲ್ಲಿ ಅಡ್ಡಕ್ಕೆ 320, ಮೇಲಿನಿಂದ ಕೆಳಕ್ಕೆ 200, ಒಟ್ಟು 64,000 ಚುಕ್ಕೆಗಳು. ಯುರೋಪಿನಲ್ಲಿ ಮಾರಾಟವಾದ ಯಂತ್ರಗಳು ಈ ಚಿತ್ರವನ್ನು ಸೆಕೆಂಡಿಗೆ ಸುಮಾರು 50 ಬಾರಿ ಟಿ.ವಿ.ಗೆ ಕಳುಹಿಸಬೇಕಿತ್ತು. ಅಂದರೆ ಸೆಕೆಂಡಿಗೆ 32 ಲಕ್ಷ ಚುಕ್ಕೆಗಳು! ಮುಖ್ಯ ಪ್ರೊಸೆಸರಿನ ಗಡಿಯಾರವಾದರೋ ಸೆಕೆಂಡಿಗೆ ಮಿಡಿಯುತ್ತಿದ್ದುದು ಸುಮಾರು 10 ಲಕ್ಷ ಬಾರಿ. ಒಂದು ಆಜ್ಞೆಯನ್ನು ಪಾಲಿಸಲು ಕನಿಷ್ಠ ಎರಡು ಮಿಡಿತಗಳು ಬೇಕು. ಆದ್ದರಿಂದ ಚುಕ್ಕೆಗಳನ್ನು ಒಂದೊಂದಾಗಿ ಕಳುಹಿಸುವುದು ಅದರಿಂದಾಗದ ಮಾತು.

ಯಕ್ಷಗಾನದಲ್ಲಿ ಭಾಗವತರೊಬ್ಬರೇ ಹಾಡಿ, ಚೆಂಡೆ ಬಾರಿಸಿ, ವೇಷ ಕಟ್ಟಿ ಕುಣಿಯಲಾದೀತೇ? ಅವರು ಆಟವನ್ನು ನಡೆಸುತ್ತಾರೆ. ಉಳಿದ ಕೆಲಸಕ್ಕೆ ಬೇರೆ ಕಲಾವಿದರಿದ್ದಾರೆ. ಇಲ್ಲಿಯೂ ಹಾಗೆಯೇ.

ಚಿತ್ರದ ಹೊಣೆ ‘ವಿಕ್-2’ ಎಂಬ ಚಿಪ್ಪಿನದು. ಅದು ಸ್ಮೃತಿಕೋಶದಿಂದ ಚಿತ್ರದ ವಿವರಗಳನ್ನು ತಾನೇ ಓದಿ, 16 ಬಣ್ಣಗಳಲ್ಲಿ ತೆರೆಯ ಮೇಲೆ ಮೂಡಿಸುತ್ತದೆ. ಒಂದೇ ಬಾವಿಯಿಂದ ಇಬ್ಬರು ಸರದಿಯಂತೆ ನೀರು ಸೇದುವ ಹಾಗೆ, ಪ್ರತಿ ಮಿಡಿತದ ಒಂದರ್ಧದಲ್ಲಿ ಈ ಚಿಪ್ಪೂ ಇನ್ನೊಂದರ್ಧದಲ್ಲಿ ಪ್ರೊಸೆಸರೂ ಸ್ಮೃತಿಕೋಶವನ್ನು ಬಳಸುತ್ತವೆ. ಕೆಲವೊಮ್ಮೆ ಮಾತ್ರ ಚಿಪ್ಪಿಗೆ ಹೆಚ್ಚು ವಿವರ ಬೇಕಾಗಿ ಪ್ರೊಸೆಸರು ಸ್ವಲ್ಪ ಕಾಯಬೇಕಾಗುತ್ತದೆ. ಆಟದ ವಿಮಾನ, ಚೆಂಡು ಮುಂತಾದವುಗಳಿಗಾಗಿ ‘ಸ್ಪ್ರೈಟ್’ ಎಂಬ ಎಂಟು ಚಲಿಸುವ ಚಿತ್ರಗಳಿವೆ. ಒಂದೊಂದೂ 24 ಚುಕ್ಕೆ ಅಗಲ, 21 ಚುಕ್ಕೆ ಎತ್ತರ. ಪ್ರೊಸೆಸರು ಸ್ಥಾನದ ಅಂಕಿಗಳನ್ನು ಬದಲಾಯಿಸಿದರೆ ಸಾಕು, ಚಿತ್ರ ಸರಿಯುತ್ತದೆ. ಹಿನ್ನೆಲೆಯನ್ನು ಅಳಿಸಿ ಬರೆಯಬೇಕಿಲ್ಲ. ಎರಡು ಸ್ಪ್ರೈಟುಗಳು ಒಂದಕ್ಕೊಂದು ತಾಗಿದರೆ ಅದನ್ನೂ ಚಿಪ್ಪೇ ಗುರುತಿಸುತ್ತದೆ.

ನಾದದ ಹೊಣೆ ಬಾಬ್ ಯಾನೆಸ್ ಎಂಬ ಎಂಜಿನಿಯರರು ರೂಪಿಸಿದ ‘ಸಿಡ್’ ಚಿಪ್ಪಿನದು. ಅದರಲ್ಲಿ ಮೂರು ದನಿಗಳು. ಪ್ರತಿ ದನಿಗೂ ನಾಲ್ಕು ಬಗೆಯ ಅಲೆಗಳು. ವೀಣೆಯ ತಂತಿ ಮೀಟಿದಾಗ ನಾದವು ಥಟ್ಟನೆ ಎದ್ದು ಮೆಲ್ಲನೆ ಅಡಗುತ್ತದೆ. ಕೊಳಲಿನ ನಾದ ಉಸಿರಿರುವಷ್ಟು ಹೊತ್ತು ನಿಲ್ಲುತ್ತದೆ. ನಾದದ ಈ ಏರುವಿಕೆ, ಇಳಿತ, ನಿಲುವು, ಅಡಗುವಿಕೆಗಳನ್ನು ಅಂಕಿಗಳಲ್ಲಿ ತಿಳಿಸಿದರೆ ಚಿಪ್ಪು ಅದರಂತೆ ನುಡಿಯುತ್ತದೆ.

ಇಂದಿನ ಗಣಕಯಂತ್ರಗಳಲ್ಲಿಯೂ ಚಿತ್ರಕ್ಕೆ ಪ್ರತ್ಯೇಕ ಭಾಗವಿರುವುದನ್ನು ನೋಡಿದರೆ, ಆ ಹಳೆಯ ಉಪಾಯದ ಬೆಲೆ ನಮಗೆ ತಿಳಿಯುತ್ತದೆ. ಶಕ್ತಿ ಅಲ್ಪವಾಗಿದ್ದರೂ ಕೆಲಸವನ್ನು ಅರಿತು ಹಂಚಿಕೊಂಡರೆ ದೊಡ್ಡ ಕಾರ್ಯವೂ ಸಾಧ್ಯವೆಂಬುದಕ್ಕೆ ಈ ಪುಟ್ಟ ಯಂತ್ರವೇ ಸಾಕ್ಷಿ.