ಮೈನ್‌ಕ್ರಾಫ್ಟ್ ಎಂಬ ಲೋಕದಲ್ಲಿ ಬದುಕುವ ಬಗೆ

ನಮ್ಮ ವಾಚನಾಲಯದ ಮೆಟ್ಟಿಲುಗಳ ಮೇಲೆ ಸಂಜೆಯ ಹೊತ್ತು ಮೂರು ನಾಲ್ಕು ಹುಡುಗರು ಒಂದೇ ಮೊಬೈಲಿನ ಮೇಲೆ ತಲೆಬಾಗಿ ಕುಳಿತಿರುವುದನ್ನು ಪತ್ರಿಕೆ ಓದಲು ಬರುವವರೆಲ್ಲ ಕಂಡಿದ್ದಾರೆ. "ಒಳಗೆ ಬಂದು ಒಂದು ಪುಸ್ತಕ ಹಿಡಿಯಬಾರದೇನೋ?" ಎಂದು ಗದರಿಸಿದವರಲ್ಲಿ ನಾನೂ ಒಬ್ಬ. ಅವರು ಆಡುವುದು ಬಹುಮಟ್ಟಿಗೆ ಒಂದೇ ಆಟ. ಅದರ ಹೆಸರು ಮೈನ್‌ಕ್ರಾಫ್ಟ್. ಐವತ್ತು ದಾಟಿದ ಮೇಲೆ ಆ ಆಟವನ್ನು ನಾನೇ ಕಲಿಯಬೇಕಾಗಿ ಬಂದದ್ದು ನನ್ನದೇ ತಪ್ಪಿನಿಂದ.

ನನ್ನ ತಂಗಿಯ ಮಗನಿಗೆ ಹನ್ನೊಂದು ವರ್ಷ. ಅವನ ತಂದೆ ಹಡಗಿನ ಕೆಲಸದವರು. ವರ್ಷದಲ್ಲಿ ಏಳೆಂಟು ತಿಂಗಳು ಮನೆಯಲ್ಲಿ ಇರುವುದಿಲ್ಲ. ತಂಗಿಯ ಮೊಬೈಲು "ಜಾಗ ಸಾಲದು" ಎಂದು ದಿನಕ್ಕೆ ಹತ್ತು ಸಲ ತಕರಾರು ಮಾಡುತ್ತಿತ್ತು. ಕಚೇರಿಯಲ್ಲಿ ಗಣಕದ ಮುಂದೆ ಕೂರುವವನೆಂಬ ಒಂದೇ ಕಾರಣಕ್ಕೆ ಮನೆಯವರ ಪಾಲಿಗೆ ನಾನು ಇಂಥ ವಿಷಯಗಳಲ್ಲಿ ಪಂಡಿತ. ಒಂದು ಭಾನುವಾರ ಬೇಡದ್ದನ್ನೆಲ್ಲ ಅಳಿಸುತ್ತ ಹೋದೆ. ಅದರಲ್ಲಿ ಈ ಆಟವೂ ಹೋಯಿತು. ಆಟವನ್ನು ಮರಳಿ ಹಾಕಿಕೊಳ್ಳಬಹುದಲ್ಲ ಎಂದುಕೊಂಡಿದ್ದೆ. ಮರಳಿ ಬಂದದ್ದು ಆಟ ಮಾತ್ರ. ಹುಡುಗ ಒಂದು ವರ್ಷದಿಂದ ಅದರೊಳಗೆ ಕಟ್ಟಿದ ಮನೆ, ಹೊಲ, ಹಡಗುಕಟ್ಟೆ ಯಾವುದೂ ಬರಲಿಲ್ಲ. ನವೆಂಬರಿನಲ್ಲಿ ಬರುವ ಅಪ್ಪನಿಗೆ ತೋರಿಸಲೆಂದು ಅವನು ಅದನ್ನು ಕಟ್ಟಿದ್ದನಂತೆ. ಅವನು ಅಳಲಿಲ್ಲ. "ಇರ್ಲಿ ಬಿಡ್ರಿ ಮಾಮಾ" ಎಂದು ಹೇಳಿ ಗ್ಯಾಲರಿಗೆ ಹೋಗಿ ನಿಂತುಕೊಂಡ. ಅವನು ಅತ್ತಿದ್ದರೆ ನನಗೆ ಅಷ್ಟು ಕಷ್ಟವೆನಿಸುತ್ತಿರಲಿಲ್ಲ.

ಮತ್ತೆ ಕಟ್ಟಲು ನಾನು ಕೂಲಿಯಾಳಾಗಿ ಬರುತ್ತೇನೆಂದು ಮಾತುಕೊಟ್ಟೆ. ಅಂದಿನಿಂದ ಕಲಿತದ್ದನ್ನು, ಇದೇ ಆಟ ಆಡುವ ಮಕ್ಕಳಿರುವ ನಮ್ಮ ಸದಸ್ಯರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಈ ಆಟವನ್ನು ಮೊದಲು ರಚಿಸಿದವನು ಮಾರ್ಕುಸ್ ಪೆರ್ಸನ್ ಎಂಬ ಸ್ವೀಡನ್ ದೇಶದವನು. ೨೦೦೯ರ ಮೇ ತಿಂಗಳಲ್ಲಿ ಅದು ಜನರ ಕೈಗೆ ಬಂದಿತು. ಪೂರ್ಣರೂಪದಲ್ಲಿ ಹೊರಬಿದ್ದುದು ೨೦೧೧ರ ನವೆಂಬರಿನಲ್ಲಿ. ೨೦೧೪ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಅವನ ಮೊಜಾಂಗ್ ಸಂಸ್ಥೆಯನ್ನು ೨೫೦ ಕೋಟಿ ಡಾಲರಿಗೆ ಕೊಂಡಿತು. ೨೦೨೩ರ ಹೊತ್ತಿಗೆ ೩೦ ಕೋಟಿ ಪ್ರತಿಗಳು ಮಾರಾಟವಾಗಿದ್ದವು. ಇಷ್ಟಾದರೂ ಚಿತ್ರಗಳಲ್ಲಿ ಅಂದಚಂದವೇನೂ ಇಲ್ಲ. ಮಣ್ಣು, ಮರ, ಕಲ್ಲು, ಹಂದಿ, ಸೂರ್ಯ ಎಲ್ಲವೂ ಚೌಕ ಚೌಕ. ಇಡೀ ಲೋಕ ಒಂದು ಮೀಟರು ಉದ್ದ, ಅಗಲ, ಎತ್ತರದ ಇಟ್ಟಿಗೆಗಳಿಂದ ಆದದ್ದು. ಯಾವ ಇಟ್ಟಿಗೆಯನ್ನಾದರೂ ಕಿತ್ತು ಬೇರೆಡೆ ಇಡಬಹುದು ಎಂಬುದೇ ಆಟದ ತಿರುಳು.

ಇಂಥ ಆಟಗಳಿಗೆ "ಸ್ಯಾಂಡ್‌ಬಾಕ್ಸ್" ಎಂದು ಹೆಸರು. ಮಕ್ಕಳು ಮರಳಿನ ಗುಡ್ಡೆಯಲ್ಲಿ ಗುಬ್ಬಿಮನೆ ಕಟ್ಟುವಂತೆ ಎಂದರ್ಥ. ಗೆಲ್ಲಬೇಕೆಂಬ ಕಡ್ಡಾಯವಿಲ್ಲ. ಕೊನೆಯಲ್ಲಿ ಕೊಲ್ಲಬೇಕಾದ ಒಂದು ಘಟಸರ್ಪ ಇದೆಯಂತೆ. ವರ್ಷಗಟ್ಟಲೆ ಆಡಿಯೂ ಅದರ ಗೊಡವೆಗೆ ಹೋಗದವರು ಬೇಕಾದಷ್ಟು ಮಂದಿ ಇದ್ದಾರೆ.

ಈ ಲೋಕದ ವಿಸ್ತಾರವನ್ನು ಹೇಳಿದರೆ ಕೆಲವರು ನಂಬಲಾರರು. ಗಣಕದ ಆವೃತ್ತಿಯಲ್ಲಿ ನಡುವಿನಿಂದ ನಾಲ್ಕು ದಿಕ್ಕಿಗೂ ಸುಮಾರು ೩೦,೦೦೦ ಕಿಲೋಮೀಟರು ನೆಲವಿದೆ. ಲೆಕ್ಕ ಹಾಕಿದರೆ ನಮ್ಮ ಭೂಮಿಯ ಮೇಲ್ಮೈಯ ಏಳು ಪಟ್ಟು ಆಗುತ್ತದೆ. ಒಂದು ಅಂಚಿಗೆ ಹೋಗಲು ಹಗಲೂ ರಾತ್ರಿ ನಿಲ್ಲದೆ ನಡೆದರೂ ಎಂಬತ್ತು ದಿನ ಬೇಕು. ಇಷ್ಟನ್ನೆಲ್ಲ ಯಾರೂ ಕೂತು ಬರೆದಿಟ್ಟಿಲ್ಲ. ಆಟಗಾರ ಹೆಜ್ಜೆ ಹಾಕಿದಂತೆ ಮುಂದಿನ ಬೆಟ್ಟ, ನದಿ, ಕಾಡುಗಳನ್ನು ಗಣಕವು ಆಗಿಂದಾಗ ಲೆಕ್ಕ ಹಾಕಿ ಹುಟ್ಟಿಸುತ್ತದೆ. ಆ ಲೆಕ್ಕಕ್ಕೆಲ್ಲ ಆರಂಭ ಒಂದೇ ಒಂದು ಸಂಖ್ಯೆ. ಅದಕ್ಕೆ "ಸೀಡ್", ಎಂದರೆ ಬೀಜ, ಎಂದು ಹೆಸರು. ಈ ಬೀಜದ ಸಂಗತಿಗೆ ಮತ್ತೆ ಬರಬೇಕಾಗಿದೆ.

ಬದುಕುವ ಬಗೆಯಲ್ಲಿ ಆಡುವಾಗ ಬರಿಗೈಯಲ್ಲಿ ಯಾವುದೋ ಬಯಲಿಗೆ ಬಂದು ನಿಲ್ಲುತ್ತೀರಿ. ಸೂಚನೆಯಿಲ್ಲ, ದಾರಿ ಹೇಳುವವರಿಲ್ಲ. ಇಡೀ ದಿನಕ್ಕೆ ಇಪ್ಪತ್ತು ನಿಮಿಷ. ಅದರಲ್ಲಿ ಬೆಳಕು ಸುಮಾರು ಹತ್ತು ನಿಮಿಷ, ರಾತ್ರಿ ಏಳು ನಿಮಿಷ, ಉಳಿದದ್ದು ಸಂಜೆ ಮುಂಜಾವುಗಳಿಗೆ. ಟ್ರಂಕು ಹಿಡಿದು ಮೊದಲ ಸಲ ಈ ಊರಿನ ಸ್ಟೇಷನ್ನಿನಲ್ಲಿ ಇಳಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕತ್ತಲಾಗುವುದರೊಳಗೆ ತಲೆ ಹಾಕಲು ಒಂದು ಜಾಗ ಬೇಕು, ಅಷ್ಟೆ.

ಮೊದಲ ಕೆಲಸ ಮರಕ್ಕೆ ಬರಿಗೈಯಿಂದ ಗುದ್ದುವುದು. ನಾನು ನಕ್ಕೆ, ಆದರೆ ಗುದ್ದುತ್ತಿದ್ದಂತೆ ದಿಮ್ಮಿ ಉದುರಿತು. ಬುಡ ಕಿತ್ತರೂ ಮೇಲಿನ ಕೊಂಬೆ ಗಾಳಿಯಲ್ಲೇ ನಿಂತಿತ್ತು! ಅಲ್ಲಿ ಮರಳು, ಜಲ್ಲಿಯಂಥ ಕೆಲವನ್ನು ಬಿಟ್ಟರೆ ಯಾವುದೂ ಕೆಳಗೆ ಬೀಳುವುದಿಲ್ಲ. ಮೂರು ದಿಮ್ಮಿ ಸಿಕ್ಕರೆ ಸಂಸಾರ ಆರಂಭಿಸಬಹುದು. ಒಂದು ದಿಮ್ಮಿಗೆ ನಾಲ್ಕು ಹಲಗೆಯಂತೆ ಹನ್ನೆರಡು ಹಲಗೆ. ನಾಲ್ಕರಿಂದ ಬಡಗಿಯ ಮೇಜು. ಎರಡರಿಂದ ನಾಲ್ಕು ಕೋಲು. ಮೂರು ಹಲಗೆ, ಎರಡು ಕೋಲು ಸೇರಿ ಒಂದು ಪಿಕಾಸಿ. ಉಳಿದ ಮೂರು ಹಲಗೆಗೆ ಒಂದೇ ಬಣ್ಣದ ಮೂರು ಕುರಿಗಳ ಉಣ್ಣೆ ಸೇರಿದರೆ ಹಾಸಿಗೆ. ಗುಮಾಸ್ತನಾದ ನನಗೆ ಈ ಜಮಾಖರ್ಚು ಬಹಳ ಹಿಡಿಸಿತು. ಮರದ ಪಿಕಾಸಿಯಿಂದ ಕಲ್ಲು, ಕಲ್ಲಿನ ಪಿಕಾಸಿಯಿಂದ ಕಬ್ಬಿಣ, ಕಬ್ಬಿಣದ ಪಿಕಾಸಿಯಿಂದ ವಜ್ರ. ಈ ಮೆಟ್ಟಿಲುಗಳಲ್ಲಿ ಒಂದನ್ನೂ ಹಾರಿ ಹೋಗುವಂತಿಲ್ಲ. ಕಬ್ಬಿಣವಿಲ್ಲದೆ ವಜ್ರವನ್ನು ಅಗೆದರೆ ಕಲ್ಲು ಒಡೆಯುತ್ತದೆ, ಕೈಗೆ ಏನೂ ಬರುವುದಿಲ್ಲ.

ರಾತ್ರಿಯ ವಿಷಯ. ಕತ್ತಲಲ್ಲಿ ನಡೆದಾಡುವ ಹೆಣಗಳು, ಬಿಲ್ಲು ಹಿಡಿದ ಅಸ್ಥಿಪಂಜರಗಳು, ದೊಡ್ಡ ಜೇಡಗಳು ಹುಟ್ಟುತ್ತವೆ. ಹೆಣ ಮತ್ತು ಅಸ್ಥಿಪಂಜರ ಬಿಸಿಲು ಬಿದ್ದೊಡನೆ ಸುಟ್ಟುಹೋಗುತ್ತವೆ. ಸುಡದೆ ಉಳಿಯುವುದು ಕ್ರೀಪರ್ ಎಂಬ ಹಸಿರು ಪ್ರಾಣಿ. ಅದು ಸದ್ದಿಲ್ಲದೆ ಬೆನ್ನ ಹಿಂದೆ ಬಂದು, ಒಮ್ಮೆ ಬುಸ್ಸೆಂದು, ಒಂದೂವರೆ ಸೆಕೆಂಡಿನಲ್ಲಿ ಸಿಡಿಯುತ್ತದೆ. ನಿಮ್ಮೊಂದಿಗೆ ನಿಮ್ಮ ಗೋಡೆಯೂ ಹೋಗುತ್ತದೆ. ಪೆರ್ಸನ್ ಹಂದಿಯ ಆಕೃತಿಯನ್ನು ಮಾಡುವಾಗ ಉದ್ದ ಎತ್ತರಗಳನ್ನು ಅದಲುಬದಲು ಮಾಡಿದ್ದರಿಂದ ಈ ಪ್ರಾಣಿ ಹುಟ್ಟಿತಂತೆ. ಕೆಟ್ಟುಹೋದ ಹಂದಿಗೆ ಹಸಿರು ಬಣ್ಣ ಬಳಿದು ಇಟ್ಟುಕೊಂಡ. ಬೆಕ್ಕನ್ನು ಕಂಡರೆ ಮಾತ್ರ ಅದು ಓಡುತ್ತದೆ. ಹುಡುಗನ ಹಳೆಯ ಮನೆಯಲ್ಲಿ ಐದು ಬೆಕ್ಕುಗಳು ಏಕಿದ್ದವೆಂದು ನನಗೆ ಆಗ ತಿಳಿಯಿತು.

ಮೊದಲ ರಾತ್ರಿಗೆ ಅರಮನೆ ಬೇಡ. ಗುಡ್ಡದ ಬದಿಯಲ್ಲಿ ಎರಡು ಮೂರು ಇಟ್ಟಿಗೆಯಷ್ಟು ಒಳಗೆ ಕೊರೆದು, ಒಳಹೊಕ್ಕು, ಬಾಯಿಗೆ ಮಣ್ಣು ಮುಚ್ಚಿದರೆ ಆಯಿತು. ಇಷ್ಟು ಹೇಳಿಕೊಟ್ಟರೂ ನಾನು ಸೂರ್ಯಾಸ್ತ ನೋಡುತ್ತ ಹೊರಗೇ ನಿಂತಿದ್ದೆ. "ಮಾಮಾ, ಕತ್ತಲಾಗಾಕತ್ತೇತಿ, ಲಗೂನ ಒಳಗ ಬರ್ರಿ!" ಎಂದು ಅವನು ಕೂಗುವುದರೊಳಗೆ ಬೆನ್ನಿಗೆ ಬಾಣ ಬಿದ್ದಿತ್ತು.

ಆಮೇಲೆ ದೀಪ. ಒಂದು ಕಲ್ಲಿದ್ದಲು, ಒಂದು ಕೋಲು ಸೇರಿದರೆ ನಾಲ್ಕು ಪಂಜು. ಕಲ್ಲಿದ್ದಲು ಸಿಗದಿದ್ದರೆ ಎಂಟು ಕಲ್ಲಿನಿಂದ ಒಲೆ ಮಾಡಿ, ಅದರಲ್ಲಿ ದಿಮ್ಮಿಯನ್ನು ಸುಟ್ಟು ಇದ್ದಲು ಮಾಡಿಕೊಳ್ಳಬಹುದು. ಪಂಜಿನ ಬೆಳಕು ಹದಿನಾಲ್ಕು ಅಂಶದಿಂದ ಆರಂಭವಾಗಿ ಒಂದೊಂದು ಇಟ್ಟಿಗೆಗೆ ಒಂದೊಂದು ಅಂಶ ಕಡಿಮೆಯಾಗುತ್ತದೆ. ೨೦೨೧ರ ಕೊನೆಯವರೆಗೆ ಬೆಳಕು ಏಳಕ್ಕೆ ಇಳಿದ ಕಡೆಯೇ ದುಷ್ಟಪ್ರಾಣಿ ಹುಟ್ಟಬಹುದಾಗಿತ್ತು. ಆಗ ನಿಯಮ ಬದಲಾಗಿ, ಈಗ ಬೆಳಕು ಪೂರ್ತಿ ಸೊನ್ನೆಯಾದ ಕಡೆ ಮಾತ್ರ ಹುಟ್ಟುತ್ತವೆ. ಆದ್ದರಿಂದ ಮನೆಯ ಮೂಲೆಮೂಲೆಗೂ ಪಂಜು ಇಡಬೇಕು, ಮಾಡಿನ ಮೇಲೂ ಮರೆಯಬಾರದು. ರಾತ್ರಿಪಾಳಿಯ ಸ್ನೇಹಿತರಿಗೆ ಇನ್ನೊಂದು ಮಾತು: ಅಲ್ಲಿ ಮೂರು ದಿನ ಹಾಸಿಗೆ ಮುಟ್ಟದವನ ಮೇಲೆ ಫ್ಯಾಂಟಮ್ ಎಂಬ ಹಕ್ಕಿಯಂಥ ಭೂತಗಳು ಆಕಾಶದಿಂದ ಎರಗುತ್ತವೆ. ಈ ನಿಯಮ ಮಾಡಿದವರಿಗೆ ಕಾರ್ಖಾನೆಯ ಅನುಭವ ಇದ್ದಿರಬೇಕು.

ಅನ್ನದ ಚಿಂತೆಯೂ ಇದೆ. ಪರದೆಯ ಕೆಳಗೆ ಪ್ರಾಣಕ್ಕೆ ಹತ್ತು ಹೃದಯ, ಹೊಟ್ಟೆಗೆ ಹತ್ತು ಮಾಂಸದ ತುಂಡು ಬರೆದಿರುತ್ತದೆ. ಓಡಾಡಿದಷ್ಟೂ ಹೊಟ್ಟೆ ಖಾಲಿಯಾಗುತ್ತದೆ; ಹಸಿದವನಿಗೆ ಓಡಲು ಬರುವುದಿಲ್ಲ, ಗಾಯವೂ ಮಾಯುವುದಿಲ್ಲ. ನಾನು ಶಾಕಾಹಾರಿ, ಹಂದಿಯ ಗೋಜಿಗೆ ಹೋಗದೆ ಬೇಸಾಯ ಹಿಡಿದೆ. ಹುಲ್ಲು ಕಿತ್ತರೆ ಆಗಾಗ ಗೋಧಿಯ ಬೀಜ ಸಿಗುತ್ತದೆ. ಗುದ್ದಲಿಯಿಂದ ನೆಲ ಹದ ಮಾಡಿ ಬಿತ್ತಬೇಕು. ಒಂದು ಗುಂಡಿಯಲ್ಲಿ ನೀರಿದ್ದರೆ ನಾಲ್ಕು ದಿಕ್ಕಿಗೂ ನಾಲ್ಕು ಇಟ್ಟಿಗೆಯ ದೂರ ತೇವ ಹೋಗುತ್ತದೆ. ಮೂರು ಗೋಧಿಗೆ ಒಂದು ರೊಟ್ಟಿ. ಬೆಳೆದ ಹೊಲದ ಮೇಲೆ ನೆಗೆದರೆ ಹದ ಮಾಡಿದ ಮಣ್ಣು ಕೆಟ್ಟು ಪೈರು ಕಿತ್ತುಬರುತ್ತದೆ; ಅದನ್ನು ನಾನು ಎರಡು ಸಲ ಮಾಡಿದೆ.

ಮನೆ, ದೀಪ, ರೊಟ್ಟಿ ಆದ ಮೇಲೆ ಊರು ಸುತ್ತುವ ಆಸೆ. ಇಲ್ಲಿಯೇ ಹೆಚ್ಚಿನವರು ಕೆಡುವುದು. ದಿಕ್ಸೂಚಿ ಅಲ್ಲಿ ಉತ್ತರವನ್ನು ತೋರುವುದಿಲ್ಲ. ಮೊಟ್ಟಮೊದಲು ಬಂದಿಳಿದ ಜಾಗವನ್ನು ತೋರುತ್ತದೆ. ಮನೆಯನ್ನು ಬೇರೆಡೆ ಕಟ್ಟಿದವನಿಗೆ ಅದರಿಂದ ಪ್ರಯೋಜನ ಕಡಿಮೆ. ಸೂರ್ಯ ಮೂಡಣದಲ್ಲೇ ಹುಟ್ಟುತ್ತಾನೆ. ಮೋಡಗಳು ಯಾವಾಗಲೂ ಪಡುವಣಕ್ಕೇ ತೇಲುತ್ತವೆ. ಇವುಗಳಿಗಿಂತ ಗಟ್ಟಿಯಾದದ್ದು ನಿಂತ ಸ್ಥಳವನ್ನು ತಿಳಿಸುವ ಮೂರು ಅಂಕಿಗಳು. ಮೊಬೈಲಿನ ಆವೃತ್ತಿಯಲ್ಲಿ ಲೋಕದ ಸೆಟ್ಟಿಂಗಿನೊಳಗೆ ಹೋಗಿ ಅವನ್ನು ಕಾಣುವಂತೆ ಮಾಡಿಕೊಳ್ಳಬಹುದು. ಹೊರಡುವ ಮೊದಲು ಹಾಸಿಗೆಯ ಅಂಕಿಗಳನ್ನು ಕಾಗದದ ಮೇಲೆ ಬರೆದಿಡಿ. ನಾನು ಹಳೆಯ ರೈಲ್ವೆ ಪಾಸಿನ ಹಿಂದೆ ಬರೆದಿಟ್ಟಿದ್ದೇನೆ.

ಗಣಿಗೆ ಇಳಿಯುವವರಿಗೆ ಒಂದೇ ಎಚ್ಚರಿಕೆ: ನಿಂತ ಕಾಲಿನ ಕೆಳಗೆ ನೇರವಾಗಿ ಅಗೆಯಬಾರದು. ಕೆಳಗೆ ಗುಹೆಯಿರಬಹುದು, ಕಾದು ಕರಗಿದ ಲಾವಾ ಇರಬಹುದು. ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ವಜ್ರ ಹೆಚ್ಚಾಗಿ ಇರುವುದು ತೀರ ಆಳದಲ್ಲಿ, ಲಾವಾದ ನೆರೆಯಲ್ಲೇ. ಕಬ್ಬಿಣದ ಮೂರು ಗಟ್ಟಿಯಿಂದ ಒಂದು ಬಕೆಟ್ಟು ಮಾಡಿ ನೀರು ತುಂಬಿಕೊಂಡು ಹೋಗುವುದು ಜಾಣತನ. ನೀರು ಹರಿದರೆ ಲಾವಾ ಕಲ್ಲಾಗುತ್ತದೆ. ಅಲ್ಲಿ ಸತ್ತರೆ ಕೊನೆಗೆ ಮಲಗಿದ ಹಾಸಿಗೆಯಲ್ಲಿ ಎಚ್ಚರವಾಗುತ್ತದೆ. ಆದರೆ ಹೊತ್ತ ಸಾಮಾನೆಲ್ಲ ಸತ್ತ ಜಾಗದಲ್ಲಿ ಚೆಲ್ಲಿ, ಹತ್ತಿರದಲ್ಲಿದ್ದರೆ ಐದು ನಿಮಿಷದಲ್ಲಿ ಮಾಯವಾಗುತ್ತದೆ. ಲಾವಾದಲ್ಲಿ ಬಿದ್ದದ್ದಕ್ಕೆ ಆ ಐದು ನಿಮಿಷವೂ ಇಲ್ಲ. ದೂರ ಹೊರಡುವಾಗ ಬೆಲೆಬಾಳುವುದನ್ನು ಪೆಟ್ಟಿಗೆಯಲ್ಲಿಟ್ಟು ಹೋಗುವುದು ಮೇಲು.

ಮಕ್ಕಳಿಗೆ ಮೊಬೈಲು ಕೊಡುವ ತಂದೆತಾಯಿಗಳು ಗಮನಿಸಬೇಕಾದದ್ದು ಎರಡು. ಇಂಟರ್‌ನೆಟ್ ಇಲ್ಲದೆಯೂ ಒಬ್ಬನೇ ಆಡಬಹುದು, ಅಪರಿಚಿತರೊಂದಿಗೆ ಆಡಲೇಬೇಕೆಂದಿಲ್ಲ. ಆಟದೊಳಗಿನ ಅಂಗಡಿಯಲ್ಲಿ ಹೋಗುವುದು ನಿಜವಾದ ದುಡ್ಡು. ಆಟಕ್ಕೇ ದುಡ್ಡು ಕೊಡಲಾಗದವರಿಗೆ ಲುವಾಂಟಿ ಎಂಬುದು ಇದೆ. ೨೦೧೦ರಲ್ಲಿ ಫಿನ್ಲೆಂಡಿನ ಒಬ್ಬನು ಆರಂಭಿಸಿ, ೨೦೨೪ರವರೆಗೆ ಮೈನ್‌ಟೆಸ್ಟ್ ಎಂಬ ಹೆಸರಿನಲ್ಲಿದ್ದ ಇದು ಪೂರ್ತಿ ಉಚಿತ.

ಇದು ಮಕ್ಕಳಾಟವೆಂದು ತಳ್ಳಿಹಾಕುವವರಿಗೆ ಒಂದು ಸಂಗತಿ. ಪತ್ರಿಕಾ ಸ್ವಾತಂತ್ರ್ಯಕ್ಕಾಗಿ ದುಡಿಯುವ ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆಯು ೨೦೨೦ರಲ್ಲಿ ಈ ಆಟದೊಳಗೆ ಒಂದು ದೊಡ್ಡ ಗ್ರಂಥಾಲಯವನ್ನು ಕಟ್ಟಿಸಿ, ಕೆಲವು ದೇಶಗಳಲ್ಲಿ ಅದುಮಿಟ್ಟ ಲೇಖನಗಳನ್ನು ಪುಸ್ತಕರೂಪದಲ್ಲಿ ಅಲ್ಲಿಟ್ಟಿತು. ಪತ್ರಿಕೆಗೆ ಬಾಗಿಲು ಮುಚ್ಚಿದ ಕಡೆಯೂ ಆಟಕ್ಕೆ ಬಾಗಿಲು ತೆರೆದಿತ್ತು. ಮೆಟ್ಟಿಲ ಮೇಲಿನ ಹುಡುಗರನ್ನು ನಾನೀಗ ಗದರಿಸುವುದಿಲ್ಲ.

ಇನ್ನು ಬೀಜದ ಮಾತು. ಆಟದ ಆವೃತ್ತಿ ಅದೇ ಇದ್ದು, ಸಂಖ್ಯೆ ಅದೇ ಕೊಟ್ಟರೆ ಗಣಕವು ಅದೇ ಲೋಕವನ್ನು ಮತ್ತೆ ಹುಟ್ಟಿಸುತ್ತದೆ. ಅದೇ ನದಿ, ಅದೇ ತಿರುವು. ನಮ್ಮ ಹುಡುಗ ಗಣಿತದ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಆ ಉದ್ದನೆಯ ಸಂಖ್ಯೆಯನ್ನು ಬರೆದಿಟ್ಟಿದ್ದ. ಒಂದೊಂದೇ ಅಂಕಿ ಅವನು ಓದಿದ, ನಾನು ಒತ್ತಿದೆ. ತೆರೆದಾಗ ಅವನು ಒಂದು ನಿಮಿಷ ಮಾತಾಡಲಿಲ್ಲ. ಬೆಟ್ಟ ಇತ್ತು, ಕೆರೆ ಇತ್ತು. ಮನೆ ಇದ್ದ ಕಡೆ ಹುಲ್ಲು ಬೆಳೆದಿತ್ತು. ಬೀಜದಿಂದ ನೆಲ ಮರಳಿ ಬರುತ್ತದೆ, ಕಟ್ಟಿದ್ದು ಬರುವುದಿಲ್ಲ. "ಇಲ್ಲಿ ನಮ್ಮ ಪಡಸಾಲಿ ಇತ್ತು ಮಾಮಾ, ಇಲ್ಲಿಂದ ಕಟ್ಟಿಗೆ ಹೋಗೋ ದಾರಿ" ಎಂದು ಬರಿಯ ಬಯಲಿನಲ್ಲಿ ನನ್ನನ್ನು ಕರೆದುಕೊಂಡು ನಡೆದ.

ಕಟ್ಟಿದ್ದನ್ನು ಉಳಿಸಿಕೊಳ್ಳುವ ಉಪಾಯ ನನಗೆ ತಡವಾಗಿ ತಿಳಿಯಿತು. ಮೊಬೈಲಿನ ಆವೃತ್ತಿಯಲ್ಲಿ ಲೋಕದ ಹೆಸರಿನ ಪಕ್ಕದ ಪೆನ್ಸಿಲ್ ಗುರುತನ್ನು ಒತ್ತಿದರೆ, ಸೆಟ್ಟಿಂಗಿನ ಪುಟದ ಕೆಳಭಾಗದಲ್ಲಿ ಲೋಕವನ್ನು ಹೊರಗೆ ಕಳುಹಿಸುವ ಗುಂಡಿಯಿದೆ. ಅದರಿಂದ ಇಡೀ ಲೋಕ ಒಂದು ಕಡತವಾಗಿ ಬರುತ್ತದೆ. ಅದನ್ನು ಬೇರೊಂದು ಮೊಬೈಲಿಗೋ ಗಣಕಕ್ಕೋ ಹಾಕಿಡಬಹುದು. ತಿಂಗಳಿಗೊಮ್ಮೆ ಮಾಡಿದರೆ ಸಾಕು. ಮೊಬೈಲಿನಲ್ಲಿ ಜಾಗ ಮಾಡಲು ಹೊರಡುವ ಮಾಮಂದಿರು ಮೊದಲು ಇದನ್ನು ಮಾಡಿ, ಆಮೇಲೆ ಅಳಿಸುವ ಗುಂಡಿಗೆ ಕೈ ಹಾಕಲಿ.

ನವೆಂಬರಿಗೆ ಇನ್ನು ಐದು ವಾರವಿದೆ. ಹಡಗುಕಟ್ಟೆಯ ಕಲ್ಲು ಕೆಲಸ ಮುಗಿದಿದೆ. ಮನೆಗೆ ಮಾಡು ಹೊದಿಸುವುದು ಬಾಕಿ. ಬೆಕ್ಕು ಈವರೆಗೆ ಒಂದೇ ಸಿಕ್ಕಿದೆ.