ನರದ ಗಡಸುತನಕ್ಕೊಂದು ಅಳತೆ

ನಡುರಾತ್ರಿ ಜೋಮು ಹಿಡಿದ ಕೈಯನ್ನು ಕೊಡವುತ್ತಾ ಎದ್ದು ಕೂರುವವರು ನಮ್ಮ ಮನೆಗಳಲ್ಲಿ ಕಡಿಮೆಯೇನಿಲ್ಲ. ಹೆಚ್ಚಿನವರು ಹೆಂಗಸರು, 40 ದಾಟಿದವರು. ವಾತವೆಂದೋ, ಮಗ್ಗುಲು ಬದಲಿಸದೆ ಮಲಗಿದ್ದರಿಂದ ಹೀಗಾಯಿತೆಂದೋ ಸಮಾಧಾನ ಮಾಡಿಕೊಂಡು ವರ್ಷಗಟ್ಟಲೆ ದೂಡುತ್ತಾರೆ. ಆದರೆ ಜೋಮು ಹೆಬ್ಬೆರಳು, ತೋರುಬೆರಳು, ನಡುಬೆರಳನ್ನು ಹಿಡಿದು ಕಿರುಬೆರಳನ್ನು ಬಿಟ್ಟಿದ್ದರೆ, ತೊಂದರೆ ಬಹುಮಟ್ಟಿಗೆ ಮಣಿಕಟ್ಟಿನಲ್ಲಿದೆ.

ಅಲ್ಲಿ ಕೆಳಗೂ ಪಕ್ಕಕ್ಕೂ ಮೂಳೆ, ಮೇಲೆ ಗಟ್ಟಿ ಪಟ್ಟಿಯಂಥ ಅಸ್ಥಿರಜ್ಜು. ನಡುವಿನ ಇಕ್ಕಟ್ಟಾದ ದಾರಿಯೇ ಕಾರ್ಪಲ್ ಟನಲ್. ಬೆರಳು ಮಡಚುವ 9 ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರವೂ ಅದರೊಳಗೇ ಹಾಯಬೇಕು. 1981ರಲ್ಲಿ ಅಮೆರಿಕದ ರಿಚರ್ಡ್ ಗೆಲ್ಬರ್‌ಮನ್ ಮತ್ತು ಸಂಗಡಿಗರು ಈ ದಾರಿಯೊಳಗಿನ ಒತ್ತಡವನ್ನು ನೇರವಾಗಿ ಅಳೆದರು. ಆರೋಗ್ಯವಂತರಲ್ಲಿ ಸರಾಸರಿ 2.5 ಮಿ.ಮೀ. ಪಾದರಸ, ಈ ತೊಂದರೆಯ ರೋಗಿಗಳಲ್ಲಿ 32. ಮಣಿಕಟ್ಟು ಪೂರ್ತಿ ಬಾಗಿದಾಗ ರೋಗಿಗಳಲ್ಲಿ ಅದು 94ಕ್ಕೆ ಏರಿತು. ಕೈ ಮಡಚಿ ಮಲಗಿದವರಿಗೆ ರಾತ್ರಿ ಎಚ್ಚರವಾಗುವುದು ಸುಮ್ಮನೆ ಅಲ್ಲ. ಒತ್ತಡದಲ್ಲಿ ನರಕ್ಕೆ ರಕ್ತ ಸಾಲದೆ ಬರುತ್ತದೆ. ನರ ಮೊದಲು ಊದುತ್ತದೆ, ಬರಬರುತ್ತಾ ನಾರುಗಟ್ಟಿ ಗಡಸಾಗುತ್ತದೆ.

ಈ ಗಡಸುತನ ಬಹುಕಾಲ ಪರೀಕ್ಷೆಯ ಕೈಗೆ ಸಿಕ್ಕಿರಲಿಲ್ಲ. ಕರೆಂಟ್ ಕೊಟ್ಟು ಮಾಡುವ ನರದ ಪರೀಕ್ಷೆ ಸಂದೇಶ ಎಷ್ಟು ನಿಧಾನವಾಗಿದೆಯೆಂದು ಹೇಳುತ್ತದೆ. ಆದರೆ ಅದು ನೋವು ಕೊಡುತ್ತದೆ, ರೋಗ ಶುರುವಿನಲ್ಲಿದ್ದಾಗ ಕೆಲವರಲ್ಲಿ ಏನೂ ತೋರಿಸುವುದಿಲ್ಲ. ಸಾಮಾನ್ಯ ಅಲ್ಟ್ರಾಸೌಂಡ್ ಊತವನ್ನು ತೋರಿಸುತ್ತದೆ: ಟನಲ್‌ನ ಬಾಯಲ್ಲಿ ನರದ ಅಡ್ಡಕೊಯ್ತ ಸುಮಾರು 10 ಚದರ ಮಿ.ಮೀ. ಮೀರಿದ್ದರೆ ಅನುಮಾನ ಬಲವಾಗುತ್ತದೆ.

ಅದೇ ಅಲ್ಟ್ರಾಸೌಂಡ್‌ನಿಂದ ಗಡಸುತನ ಅಳೆಯುವ ವಿದ್ಯೆಗೆ ಎಲಾಸ್ಟೋಗ್ರಫಿ ಎಂದು ಹೆಸರು. 1991ರಲ್ಲಿ ಹ್ಯೂಸ್ಟನ್‌ನ ಜೊನಾಥನ್ ಓಫಿರ್ ತಂಡ ತೋರಿಸಿದ ಮೊದಲ ವಿಧಾನದಲ್ಲಿ ಅಂಗವನ್ನು ಒತ್ತಿ, ಅದು ಎಷ್ಟು ತಗ್ಗಿತೆಂದು ನೋಡಬೇಕಿತ್ತು. ಒತ್ತುವ ಕೈ ಬದಲಾದರೆ ಫಲಿತಾಂಶವೂ ಬದಲಾಗುವ ಭಯ. ಪ್ಯಾರಿಸ್ಸಿನ ಮಥಿಯಾಸ್ ಫಿಂಕ್, ಮಿಕಾಯೆಲ್ ಟಾಂಟೆರ್ ಮತ್ತು ಜೊತೆಗಾರರು ಒತ್ತುವ ಕೆಲಸವನ್ನು ಶಬ್ದಕ್ಕೇ ವಹಿಸಿದರು. ಚರ್ಮದ ಮೇಲಿಡುವ ಪ್ರೋಬ್‌ನಿಂದ ಹೊರಟ ಶಬ್ದದ ಕಿರುಪೆಟ್ಟು ಒಳಗೆ ಅಲೆಯೆಬ್ಬಿಸುತ್ತದೆ; ಅದು ಪಕ್ಕಕ್ಕೆ ಸಾಗುವುದನ್ನು ಯಂತ್ರ ಸೆಕೆಂಡಿಗೆ ಸಾವಿರಾರು ಚಿತ್ರಗಳಲ್ಲಿ ಹಿಡಿಯುತ್ತದೆ. ವೀಣೆಯ ತಂತಿ ಬಿಗಿದಷ್ಟೂ ಅದರ ಮೇಲಿನ ಅಲೆ ವೇಗವಾಗಿ ಓಡುತ್ತದಲ್ಲ, ಗಡಸು ನರದಲ್ಲೂ ಹಾಗೆಯೇ. ಆ ವೇಗವನ್ನೇ ಕಿಲೋಪ್ಯಾಸ್ಕಲ್ ಲೆಕ್ಕಕ್ಕೆ ತಿರುಗಿಸುತ್ತಾರೆ.

2014ರಲ್ಲಿ ಇಸ್ತಾಂಬುಲ್‌ನ ಕಂತಾರ್ಜಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಗಮನ ಸೆಳೆಯಿತು. ಆರೋಗ್ಯವಂತರ ನರ ಸರಾಸರಿ 32 ಕಿಲೋಪ್ಯಾಸ್ಕಲ್, ರೋಗಿಗಳದು 66.7, ರೋಗ ತೀವ್ರವಾದವರಲ್ಲಿ 101.4. ಗಡಿಯನ್ನು 40.4ಕ್ಕೆ ಇಟ್ಟಾಗ ರೋಗವಿದ್ದ ಮಣಿಕಟ್ಟುಗಳಲ್ಲಿ ಶೇ 93.3ರಷ್ಟು ಪತ್ತೆಯಾದವು.

ಈ ಅಂಕಿಗಳನ್ನು ಕಂಡು ಹಿಗ್ಗುವ ಮುನ್ನ ಒಂದು ಮಾತು. ಅದು ನೂರು ಮಣಿಕಟ್ಟುಗಳನ್ನೂ ಮುಟ್ಟದ ಸಣ್ಣ ಅಧ್ಯಯನ. ವೀಣೆಯ ಮಾತು ಇಲ್ಲೂ ಸಲ್ಲುತ್ತದೆ: ಮಣಿಕಟ್ಟು ಹಿಂದಕ್ಕೆ ಬಾಗಿದ್ದರೆ ರೋಗವಿಲ್ಲದ ನರವೂ ಎಳೆದುಕೊಂಡು ಗಡಸಾಗಿ ಕಾಣುತ್ತದೆ. ಪ್ರೋಬ್ ಕೊಂಚ ಒತ್ತಿದರೂ ಅಂಕಿ ಏರುತ್ತದೆ, ನರದ ಉದ್ದಕ್ಕೆ ಅಳೆದರೆ ಒಂದು, ಅಡ್ಡಕ್ಕೆ ಅಳೆದರೆ ಇನ್ನೊಂದು. ಒಂದು ಯಂತ್ರದ ಗಡಿ ಮತ್ತೊಂದಕ್ಕೆ ಒಪ್ಪಬೇಕೆಂದಿಲ್ಲ. ಹಾಗಾಗಿ ಈ ಒಂದೇ ಅಂಕಿಯನ್ನು ನಂಬಿ ಯಾರ ಕೈಗೂ ಕತ್ತಿ ಹಾಕುವಂತಿಲ್ಲ. ಕರೆಂಟ್ ಪರೀಕ್ಷೆ ಮೌನವಾದಾಗ, ಅಥವಾ ರೋಗಿ ಅದನ್ನು ತಾಳಲಾರದಾಗ, ಇದು ಒಳ್ಳೆಯ ಸಾಕ್ಷಿಯಾದೀತು ಎಂಬುದು ನನ್ನ ನಂಬಿಕೆ.

ಈ ಸ್ಕ್ಯಾನ್ ನಿಮ್ಮೂರಿಗೆ ಬರುವತನಕ ಕಾಯಬೇಡಿ. ಜೋಮು ವಾರಗಟ್ಟಲೆ ಬಿಡದಿದ್ದರೆ ವೈದ್ಯರನ್ನು ಕಾಣಿ. ಸಕ್ಕರೆ, ಥೈರಾಯ್ಡ್ ಪರೀಕ್ಷೆ ಬೇಕೇ ಎಂದು ಕೇಳಿ. ಶುರುವಿನಲ್ಲಿ ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿ ನೇರವಾಗಿಟ್ಟರೆ ಅನೇಕರಿಗೆ ನೆಮ್ಮದಿ ಸಿಗುತ್ತದೆ. ಹೆಬ್ಬೆರಳ ಬುಡದ ಮಾಂಸ ಕರಗತೊಡಗಿದ್ದರೆ ಮಾತ್ರ ಒಂದು ದಿನವೂ ತಡಮಾಡಬೇಡಿ. ಆ ಹಂತ ಮುಟ್ಟಿದ ಮೇಲೆ ಶಸ್ತ್ರಚಿಕಿತ್ಸೆಯಾದರೂ ಕಳೆದ ಬಲ ಪೂರ್ತಿ ಮರಳದೆ ಹೋಗಬಹುದು.