ಸಾವಿರ ಗಿಲ್ಡರ್ ನೋಟು: ಕೊಳ್ಳುವ ಮುನ್ನ ತಿಳಿದಿರಲಿ

ಇಂಡೊನೇಷ್ಯಾ ಡಚ್ಚರ ವಸಾಹತಾಗಿದ್ದಾಗ ಅಲ್ಲಿನ ಹಣ ಗಿಲ್ಡರ್. ಬಟಾವಿಯಾದಲ್ಲಿ, ಅಂದರೆ ಇಂದಿನ ಜಕಾರ್ತದಲ್ಲಿ, 1828ರಲ್ಲಿ ಶುರುವಾದ ಜಾವಾ ಬ್ಯಾಂಕ್ ಅದರ ನೋಟು ಹೊರಡಿಸುತ್ತಿತ್ತು. ಸಂಗ್ರಾಹಕರು ಹೆಚ್ಚು ಹುಡುಕುವುದು 1930ರ ದಶಕದ 'ವಯಾಂಗ್' ಸರಣಿಯನ್ನು. ವಯಾಂಗ್ ಎಂದರೆ ರಾಮಾಯಣ, ಮಹಾಭಾರತದ ಕಥೆಗಳನ್ನು ಆಡಿ ತೋರಿಸುವ ಜಾವಾದ ರಂಗಕಲೆ. ಅದರ ಕಿರೀಟಧಾರಿ ನರ್ತಕರೇ ನೋಟಿನ ಮೇಲಿದ್ದಾರೆ. ನಮ್ಮ ಯಕ್ಷಗಾನ ನೋಡಿದವರಿಗೆ ಆ ವೇಷ ಅಪರಿಚಿತ ಅನ್ನಿಸದು. ಖೋಟಾ ನೋಟಿನ ಎಚ್ಚರಿಕೆಯನ್ನು ಹಿಂಬದಿಯಲ್ಲಿ ಡಚ್, ಜಾವಾನೀಸ್, ಚೀನೀ ಮತ್ತು ಅರಬ್ಬೀ ಲಿಪಿಯ ಮಲಯ್ ಭಾಷೆಗಳಲ್ಲಿ ಮುದ್ರಿಸಿದ್ದರು. ಮುದ್ರಣ ನಡೆದದ್ದು ನೆದರ್‌ಲೆಂಡ್ಸ್‌ನ ಹಾರ್ಲೆಮ್‌ನಲ್ಲಿ.

ಈ ಸರಣಿಯ 5, 10 ಗಿಲ್ಡರ್ ಸಿಗುತ್ತವೆ. 500, 1000 ಏಕೆ ಅಪರೂಪ? ಅಷ್ಟು ದೊಡ್ಡ ನೋಟು ಸಾಮಾನ್ಯರ ಕೈಗೆ ಬರುತ್ತಲೇ ಇರಲಿಲ್ಲ. ಅದನ್ನು ಬಚ್ಚಿಟ್ಟು ಮರೆಯುವ ಶಕ್ತಿಯೂ ಹೆಚ್ಚಿನವರಿಗೆ ಇರಲಿಲ್ಲ. ಮೇಲೆ ಯುದ್ಧ, ಜಪಾನಿನ ಆಕ್ರಮಣ. ಆಮೇಲೆ ಬಂದದ್ದು ಕತ್ತರಿ, ನಿಜವಾದ ಕತ್ತರಿ. 1950ರ ಮಾರ್ಚ್‌ನಲ್ಲಿ ಸ್ವತಂತ್ರ ಇಂಡೊನೇಷ್ಯಾದ ಹಣಕಾಸು ಸಚಿವ ಶಫ್ರುದ್ದೀನ್ ಪ್ರವಿರನೆಗಾರ ಅವರು 2.50 ಗಿಲ್ಡರ್‌ಗಿಂತ ಹೆಚ್ಚಿನ ಡಚ್ ಕಾಲದ ನೋಟುಗಳನ್ನು ಎರಡು ತುಂಡು ಮಾಡಲು ಆದೇಶಿಸಿದರು. ಎಡಭಾಗ ಅರ್ಧ ಬೆಲೆಗೆ ಕೆಲಕಾಲ ಚಲಾವಣೆಯಾಯಿತು. ಬಲಭಾಗಕ್ಕೆ ಸರ್ಕಾರಿ ಸಾಲಪತ್ರ, ಅಂದರೆ ಬಾಂಡ್, ಕೊಟ್ಟರು. ಇಡಿಯಾಗಿ ಉಳಿದ ನೋಟಿಗೆ ಬೆಲೆ ಬಂದದ್ದಕ್ಕೆ ಇದೂ ಒಂದು ಕಾರಣ.

'ಜಪಾನೀ ಗಿಲ್ಡರ್ ಕೂಡ ಇದೇ ಅಲ್ಲವೇ?' ಎಂದು ನೀವು ಕೇಳಬಹುದು. ಅಲ್ಲ. ಡಚ್ಚಿನಲ್ಲೇ 'ಜಪಾನ್ ಸರ್ಕಾರ' ಎಂದು ಅಚ್ಚಾದವು 1942ರ ಆಕ್ರಮಣದ ನೋಟುಗಳು. ಅವುಗಳ ಗರಿಷ್ಠ ಮುಖಬೆಲೆ 10 ಗಿಲ್ಡರ್. ಇಂದಿಗೂ ಅಗ್ಗವಾಗಿ ಸಿಗುತ್ತವೆ. 'ಸ್ಪೆಸಿಮೆನ್' ಎಂದಿದ್ದರೆ ಅದು ಬ್ಯಾಂಕುಗಳಿಗೆ ಕಳಿಸುತ್ತಿದ್ದ ಮಾದರಿ ಪ್ರತಿ. ಚಲಾವಣೆಯ ನೋಟಿಗೂ ಅದಕ್ಕೂ ಬೆಲೆ ಬೇರೆ ಬೇರೆ.

ಬೆಲೆ ನಿಂತಿರುವುದು ಗ್ರೇಡ್, ಅಂದರೆ ನೋಟಿನ ಸ್ಥಿತಿಯ ಮೇಲೆ. ಒಂದು ಮಡಿಕೆ, ಒಂದು ಪಿನ್ನಿನ ತೂತು ಸಾಕು, ಬೆಲೆ ಇಳಿಯುತ್ತದೆ. ತೊಳೆದು, ಇಸ್ತ್ರಿ ಮಾಡಿ ಹೊಸದೆಂಬಂತೆ ತೋರಿಸುವವರಿದ್ದಾರೆ. ಅಂಥ ನೋಟು ನನ್ನ ಪ್ರಕಾರ ಮಡಿಕೆಯ ನೋಟಿಗಿಂತ ಕೀಳು. ಹೆರಿಟೇಜ್, ಸ್ಪಿಂಕ್‌ನಂಥ ಹರಾಜು ಸಂಸ್ಥೆಗಳಲ್ಲಿ ಕೊಂಡರೆ ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಶುಲ್ಕ, ಸಾಗಣೆ ವೆಚ್ಚ, ಕಸ್ಟಮ್ಸ್ ಸೇರುತ್ತವೆ. ಮೊದಲೇ ಕೂಡಿಸಿ ನೋಡಿ.

ನೋಡಿದರೆ ಸಾಕು ಎನ್ನುವವರಿಗೆ ಜಕಾರ್ತದ ಬ್ಯಾಂಕ್ ಇಂಡೊನೇಷ್ಯಾ ಸಂಗ್ರಹಾಲಯವಿದೆ. ಅದು ಜಾವಾ ಬ್ಯಾಂಕಿನ ಹಳೆಯ ಕಟ್ಟಡವೇ. ಕೊಳ್ಳಲೇಬೇಕೆಂದಿದ್ದರೆ ಪಿಎಂಜಿಯಂಥ ಸ್ವತಂತ್ರ ಸಂಸ್ಥೆ ಪರೀಕ್ಷಿಸಿ, ಮೊಹರು ಮಾಡಿದ ಕವಚದಲ್ಲಿಟ್ಟ ನೋಟನ್ನೇ ಕೊಳ್ಳಿ. ಕವಚದ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ದಾಖಲೆಯೊಂದಿಗೆ ಹೋಲಿಸದೆ ಹಣ ಕಟ್ಟಬೇಡಿ.